ಗೋಸುಂಬೆಗೆ ಉಣಬಡಿಸಿದ ತೋಟ

ಹವಾಯಿ ಎಂದೊಡನೆ ಕಣ್ಣ ಮುಂದೆ ಬರುವುದು ನೀಲಿ ಕಡಲು, ಮರಳ ದಂಡೆ, ತೆಂಗಿನ ಸಾಲು. ಒವಾಹು ದ್ವೀಪದ ಹೊನೊಲುಲು ನಗರಕ್ಕೆ ಬಂದಿಳಿಯುವ ಪ್ರವಾಸಿಗರಲ್ಲಿ ಅನೇಕರು ಆ ದಂಡೆಯಲ್ಲೇ ದಿನ ಕಳೆದು ಮರಳುತ್ತಾರೆ. ಆದರೆ ನಗರದ ಬೆನ್ನಿಗಿರುವ ಕೂಲಾವ್ ಬೆಟ್ಟಸಾಲನ್ನು ಸುರಂಗಮಾರ್ಗದಲ್ಲಿ ದಾಟಿದರೆ ದ್ವೀಪದ ಇನ್ನೊಂದು ಮುಖ ಕಾಣುತ್ತದೆ. ಗೋಡೆಯಂತೆ ಕಡಿದಾಗಿ ನಿಂತ ಹಸಿರು ಬೆಟ್ಟ, ಅದರ ಮೈತುಂಬ ಸೀರೆಯ ನೆರಿಗೆಯಂತೆ ಕೊರಕಲುಗಳು. ಒಂದು ಜೋರು ಮಳೆ ಬಿದ್ದರೆ ಸಾಕು, ನೆರಿಗೆ ನೆರಿಗೆಯಲ್ಲೂ ಬೆಳ್ಳಗಿನ ನೀರಿನ ಎಳೆ. ಬೆಟ್ಟದ ಬುಡದಲ್ಲಿ, ಕೊಲ್ಲಿಯ ದಡದಲ್ಲಿರುವ ಊರು ಕಾನೆಯೋಹೆ.

ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳು ಕಡಲ ತೇವವನ್ನು ಹೊತ್ತು ತಂದು ಈ ಬೆಟ್ಟಕ್ಕೆ ಡಿಕ್ಕಿ ಹೊಡೆಯುತ್ತವೆ. ಹಾಗಾಗಿ ಇಲ್ಲಿಯ ಮನೆಗಳ ಹಿತ್ತಲು ಸದಾ ಹಸಿರು. ಇಂಥ ಒಂದು ಹಿತ್ತಲಲ್ಲಿ, ಅರ್ಧ ಶತಮಾನದ ಹಿಂದೆ, ಒಬ್ಬ ಅಂಗಡಿಯವನು ತೋರಿದ ಕರುಣೆಯ ಫಲವನ್ನು ಹವಾಯಿಯ ಕಾಡು ಇಂದಿಗೂ ಉಣ್ಣುತ್ತಿದೆ.

ಬಡಕಲಾಗಿ ಬಂದ ಅತಿಥಿಗಳು

ಅದು 1972ನೇ ಇಸವಿ. ಸಾಕುಪ್ರಾಣಿಗಳನ್ನು ಮಾರುತ್ತಿದ್ದ ಕಾನೆಯೋಹೆಯ ವ್ಯಾಪಾರಿಯೊಬ್ಬ ಪರವಾನಗಿ ಪಡೆದು ಕೀನ್ಯಾದಿಂದ ಕೆಲವು ಡಜನ್ ಗೋಸುಂಬೆಗಳನ್ನು ತರಿಸಿದ. ಜಾಕ್ಸನ್ ಗೋಸುಂಬೆ ಎಂಬುದು ಅವುಗಳ ಹೆಸರು. ಗಂಡಿನ ಮುಖದ ಮೇಲೆ ಮೂರು ಕೊಂಬು; ನೋಡಿದವರಿಗೆ ಪುರಾತನ ಡೈನೋಸಾರಿನ ಮರಿಯೇ ಬಂದಂತೆ ಕಾಣಬೇಕು.

ಆದರೆ ಪೆಟ್ಟಿಗೆ ತೆರೆದಾಗ ಕಂಡದ್ದು ನೀರಿಲ್ಲದೆ ಬಸವಳಿದು ಎಲುಬು ಕಾಣುತ್ತಿದ್ದ ಬಡಕಲು ಜೀವಿಗಳು. ಅಂಗಡಿಯ ಪಂಜರದಲ್ಲಿ ಇವು ಉಳಿಯವು ಎನಿಸಿರಬೇಕು. ಚೇತರಿಸಿಕೊಳ್ಳಲಿ, ಆಮೇಲೆ ಹಿಡಿದುಕೊಂಡರಾಯಿತು ಎಂದು ಆತ ಅವನ್ನು ತನ್ನ ತೋಟದಲ್ಲಿ ಬಿಟ್ಟ. ಗೋಸುಂಬೆಗಳು ಚೇತರಿಸಿಕೊಂಡವು. ಆದರೆ ಮತ್ತೆ ಕೈಗೆ ಸಿಗಲಿಲ್ಲ.

ಪುಡಿಡಬ್ಬಿಯ ಅಡುಗೆ

ಅಂಗಡಿಯಲ್ಲಿ ಆಗದ್ದು ತೋಟದಲ್ಲಿ ಹೇಗಾಯಿತು? ಗೋಸುಂಬೆ ಸಾಕುವುದು ಎಷ್ಟು ಕಷ್ಟವೆಂದು ಬಲ್ಲವರಿಗೆ ಇದರ ಉತ್ತರ ಗೊತ್ತು.

ಮೊದಲನೆಯದು ನೀರು. ಬಟ್ಟಲಲ್ಲಿ ನಿಂತ ನೀರನ್ನು ಗೋಸುಂಬೆ ಸಾಮಾನ್ಯವಾಗಿ ನೀರೆಂದೇ ಗುರುತಿಸುವುದಿಲ್ಲ. ಎಲೆಯ ಮೇಲೆ ಹೊಳೆಯುವ ಹನಿಯನ್ನು ನಾಲಿಗೆಯಿಂದ ನೆಕ್ಕುವುದು ಅದರ ರೂಢಿ. ಆದ್ದರಿಂದ ಸಾಕುವವರು ಬೆಳಿಗ್ಗೆ ಸಂಜೆ ಪಂಜರದ ಎಲೆಗಳಿಗೆ ತುಂತುರು ನೀರು ಸಿಂಪಡಿಸಬೇಕು.

ಎರಡನೆಯದು ಆಹಾರ. ಪಂಜರದ ಗೋಸುಂಬೆಗೆ ಬಹುತೇಕ ಸಿಗುವುದು ಪೇಟೆಯಲ್ಲಿ ದೊರೆಯುವ ಜೀರುಂಡೆ. ಜೀರುಂಡೆಯ ಮೈಯಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಆದರೆ ಗೋಸುಂಬೆಯ ಎಲುಬಿಗೆ ಬೇಕಾದುದು ಇದಕ್ಕೆ ತದ್ವಿರುದ್ಧ: ರಂಜಕದ ಸುಮಾರು ಎರಡು ಪಟ್ಟು ಕ್ಯಾಲ್ಸಿಯಂ. ಅದು ಸಿಗದಿದ್ದರೆ ದೇಹ ತನ್ನ ಎಲುಬನ್ನೇ ಕರಗಿಸಿ ಆ ಕೊರತೆ ತುಂಬುತ್ತದೆ. ಕಾಲು ಬಿಲ್ಲಿನಂತೆ ಬಾಗುತ್ತದೆ, ದವಡೆ ಮೆತ್ತಗಾಗುತ್ತದೆ, ಬೇಟೆಗೆ ಬಾಣದಂತೆ ಚಿಮ್ಮಬೇಕಾದ ನಾಲಿಗೆ ಸೋತು ಹೋಗುತ್ತದೆ. ಮಕ್ಕಳಿಗೆ ಬರುವ ರಿಕೆಟ್ಸ್ ರೋಗದ ಸೋದರ ಸಂಬಂಧಿ ಇದು.

ಇದಕ್ಕಾಗಿ ಎರಡು ಉಪಾಯಗಳಿವೆ. ಜೀರುಂಡೆಗೆ ಒಂದು ದಿನ ಮೊದಲೇ ಸೊಪ್ಪು, ಕ್ಯಾರೆಟ್, ಹಣ್ಣಿನ ಹೋಳು ತಿನ್ನಿಸಿ ಅದರ ಹೊಟ್ಟೆ ತುಂಬಿಸುವುದು ಒಂದು. ಜೀರುಂಡೆ ತಿಂದದ್ದೇ ಗೋಸುಂಬೆಗೂ ಸಲ್ಲುತ್ತದೆ. ತಿನ್ನಿಸುವ ಮುನ್ನ ಜೀರುಂಡೆಯ ಮೈಗೆ ಕ್ಯಾಲ್ಸಿಯಂ ಕಾರ್ಬೊನೇಟಿನ ಪುಡಿಯನ್ನು ತೆಳ್ಳಗೆ ಲೇಪಿಸುವುದು ಇನ್ನೊಂದು. ಹುಳುವಿನ ಗಾತ್ರಕ್ಕೂ ಲೆಕ್ಕವುಂಟು: ಗೋಸುಂಬೆಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ಅದು ದೊಡ್ಡದಿರಬಾರದು.

ಮೂರನೆಯದು ಬಿಸಿಲು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಡಿ3 ಜೀವಸತ್ವ ಬೇಕು. ಸೂರ್ಯನ ಅತಿನೇರಳೆ ಕಿರಣ ಚರ್ಮಕ್ಕೆ ತಾಕಿದಾಗ ಗೋಸುಂಬೆ ಅದನ್ನು ತಾನೇ ತಯಾರಿಸಿಕೊಳ್ಳುತ್ತದೆ. ಕಿಟಕಿಯ ಗಾಜು ಈ ಕಿರಣವನ್ನು ಬಹುಪಾಲು ತಡೆದುಬಿಡುವುದರಿಂದ, ಮುಚ್ಚಿದ ಕಿಟಕಿಯ ಪಕ್ಕ ಪಂಜರವಿಟ್ಟರೆ ಬೆಳಕು ಸಿಗುತ್ತದೆಯೇ ಹೊರತು ಜೀವಸತ್ವ ಸಿಗುವುದಿಲ್ಲ. ಅದಕ್ಕೇ ವಿಶೇಷ ದೀಪ ಬೇಕು, ಡಿ3 ಬೆರೆತ ಪುಡಿಯೂ ಆಗಾಗ ಬೇಕು. ಹಾಗೆಂದು ಪುಡಿಯನ್ನು ದಿನವೂ ಸುರಿಯುವಂತಿಲ್ಲ. ಹೆಚ್ಚಾದ ಡಿ3 ಮೈಯಲ್ಲೇ ಉಳಿದು ಮೂತ್ರಪಿಂಡಕ್ಕೆ ಕೇಡು ಮಾಡುತ್ತದೆ. ಜಾಕ್ಸನ್ ಗೋಸುಂಬೆಯಂಥ ತಂಪು ಬೆಟ್ಟದ ಜೀವಿಗಳು ಈ ವಿಷಯದಲ್ಲಿ ಇನ್ನೂ ಸೂಕ್ಷ್ಮ. ಬರಿಯ ಕ್ಯಾಲ್ಸಿಯಂ ಹೆಚ್ಚು ಬಾರಿ, ಜೀವಸತ್ವದ ಪುಡಿ ತಿಂಗಳಿಗೆ ಒಂದೆರಡು ಬಾರಿ ಮಾತ್ರ ಎಂಬುದು ಅನುಭವಸ್ಥರ ಪಾಠ.

ಕಾನೆಯೋಹೆಯ ತೋಟ ಇದಾವ ಲೆಕ್ಕವನ್ನೂ ಕೇಳಲಿಲ್ಲ. ಮೇಲಿಂದ ಮಳೆ ಹನಿ ಹಾಕಿತು, ಸೂರ್ಯ ಡಿ3 ಒದಗಿಸಿದ. ನಾನಾ ಗಿಡದ ಸೊಪ್ಪು ಮೇಯ್ದ ನಾನಾ ಬಗೆಯ ಹುಳುಗಳು ಊಟವಾಗಿ ಬಂದವು. ಕೀನ್ಯಾ ಪರ್ವತದ ಇಳಿಜಾರಿನಲ್ಲಿ ಹುಟ್ಟಿದ ಜೀವಿಗೆ ಈ ತೇವದ ಬೆಟ್ಟ ತೌರುಮನೆಯಂತೆಯೇ ಒಗ್ಗಿತು. ಆಫ್ರಿಕದಲ್ಲಿ ಬೆನ್ನಟ್ಟುತ್ತಿದ್ದ ಮರಹಾವು ಮಾತ್ರ ಇಲ್ಲಿರಲಿಲ್ಲ. ಜಾಕ್ಸನ್ ಗೋಸುಂಬೆ ಮೊಟ್ಟೆಯಿಡದೆ ಮರಿ ಹಾಕುವ ಜಾತಿ. ಒಂದು ಬಾಣಂತನಕ್ಕೆ ಹತ್ತು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ಮರಿ. ಹಿತ್ತಲಿನಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ, ಜನರ ಕೈಯಿಂದ ಬೇರೆ ದ್ವೀಪಗಳಿಗೂ ಅವು ಹಬ್ಬಿದವು.

ಚಿಪ್ಪಿನ ಬೆಲೆ

ಹವಾಯಿಯ ನೆಲದಲ್ಲಿ ಮೂಲತಃ ಹಾವಿಲ್ಲ, ಹಲ್ಲಿಯಿಲ್ಲ, ಕಪ್ಪೆಯೂ ಇಲ್ಲ. ಅಂಥ ಶತ್ರುಗಳನ್ನೇ ಕಾಣದೆ ಬೆಳೆದವು ಅಲ್ಲಿಯ ಮರಬಸವನಹುಳುಗಳು. ಒವಾಹುವಿನ ಅಕಾಟಿನೆಲ್ಲ ಎಂಬ ಕುಲದಲ್ಲೇ 41 ಪ್ರಭೇದಗಳಿದ್ದವು. ಬೆರಳ ತುದಿಯಷ್ಟು ಗಾತ್ರ, ಬಣ್ಣ ಬಣ್ಣದ ಪಟ್ಟೆಯ ಚಿಪ್ಪು. ಅವು ಎಲೆಯನ್ನು ಕಡಿಯುವುದಿಲ್ಲ. ಎಲೆಯ ಮೇಲಿನ ಸೂಕ್ಷ್ಮ ಬೂಷ್ಟನ್ನು ಮೇಯ್ದು ಎಲೆಯನ್ನು ಚೊಕ್ಕ ಮಾಡುತ್ತವೆ. ಪ್ರಾಯಕ್ಕೆ ಬರಲು ಹಲವು ವರ್ಷ, ಹೆರುವುದು ಒಂದು ಸಲಕ್ಕೆ ಒಂದೇ ಮರಿ. ಚಿಪ್ಪು ಸಂಗ್ರಹಿಸುವವರು, ಇಲಿಗಳು, 1955ರಲ್ಲಿ ಹೊರಗಿನಿಂದ ತಂದು ಬಿಟ್ಟ ಬೇಟೆಗಾರ ಬಸವನಹುಳು, ಎಲ್ಲರೂ ಸೇರಿ ಇವನ್ನು ಅಳಿವಿನ ಅಂಚಿಗೆ ತಳ್ಳಿದ್ದರು. 1981ರಲ್ಲಿ ಅಮೆರಿಕ ಸರ್ಕಾರ ಇಡೀ ಕುಲವನ್ನೇ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು.

2010ರಲ್ಲಿ ಹವಾಯಿಯ ವಿಜ್ಞಾನಿಗಳು ಕಾಡಿನ ಜಾಕ್ಸನ್ ಗೋಸುಂಬೆಗಳ ಜಠರವನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. ಒಳಗೆ ಹವಾಯಿಯಲ್ಲಿ ಮಾತ್ರ ಇರುವ ಕೀಟಗಳಿದ್ದವು. ಅವುಗಳ ಜೊತೆ ಅಕಾಟಿನೆಲ್ಲ ಬಸವನಹುಳುಗಳೂ ಇದ್ದವು. ಬಸವನಹುಳುವಿನ ಚಿಪ್ಪು ಆಗಿರುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಸಾಕುವವರ ಡಬ್ಬಿಯಲ್ಲಿರುವ ಬಿಳಿ ಪುಡಿಯೂ ಅದೇ ವಸ್ತು! ಅಂಗಡಿಯಲ್ಲಿ ಕೆಲವು ರೂಪಾಯಿಗೆ ಸಿಗುವ ಲವಣವನ್ನು ಕಾಡು ತನ್ನ ಅಪರೂಪದ ಜೀವವನ್ನೇ ತೆತ್ತು ಒದಗಿಸುತ್ತಿತ್ತು.

ಇಂದು ಹವಾಯಿಯಲ್ಲಿ ಈ ಗೋಸುಂಬೆ ಹಾನಿಕರ ವನ್ಯಜೀವಿ ಎನಿಸಿಕೊಂಡಿದೆ. ಅದನ್ನು ಕಾಡಿಗೆ ಬಿಡುವುದು, ದ್ವೀಪದಿಂದ ದ್ವೀಪಕ್ಕೆ ಸಾಗಿಸುವುದು ಅಪರಾಧ. ಒವಾಹುವಿನ ಬೆಟ್ಟಗಳ ಮೇಲೆ ಅಲ್ಲಲ್ಲಿ ಬಸವನಹುಳುಗಳಿಗಾಗಿ ಪುಟ್ಟ ಕೋಟೆಗಳನ್ನು ಕಟ್ಟಿದ್ದಾರೆ. ಇಲಿ, ಗೋಸುಂಬೆ, ಬೇಟೆಗಾರ ಬಸವನಹುಳು ಹತ್ತಿ ಬಾರದಂತೆ ಗೋಡೆ, ಅದಕ್ಕೆ ವಿದ್ಯುತ್ ತಂತಿಯ ಕಾವಲು.

ಕಾನೆಯೋಹೆಯ ಪಕ್ಕದ ಊರು ಕೈಲುವಾ. ಅಲ್ಲಿಯ ಸಂರಕ್ಷಣಾ ಕೇಂದ್ರದಲ್ಲಿ ‘ಜಾರ್ಜ್’ ಎಂಬ ಬಸವನಹುಳು ಇತ್ತು. ಅಕಾಟಿನೆಲ್ಲ ಅಪೆಕ್ಸ್‌ಫುಲ್ವ ಎಂಬ ಪ್ರಭೇದದ ಕೊನೆಯ ಕುಡಿ ಅದು. 1997ರಲ್ಲಿ ಉಳಿದಿದ್ದ ಹತ್ತನ್ನು ಕಾಡಿನಿಂದ ತಂದು ಸಾಕಿದರೂ ವಂಶ ನಿಲ್ಲಲಿಲ್ಲ. 2019ರ ಜನವರಿ 1ರಂದು, ಸುಮಾರು 14 ವರ್ಷದ ಜಾರ್ಜ್ ಸತ್ತಿತು. ಅದರ ಪ್ರಭೇದ ನಶಿಸಿದ್ದಕ್ಕೆ ಗೋಸುಂಬೆಯೊಂದೇ ಕಾರಣವೆನ್ನಲಾಗದು. ಆದರೆ ಉಳಿದಿರುವ ಅದರ ದಾಯಾದಿಗಳಿಗೆ ಈಗಲೂ ಗೋಸುಂಬೆಯ ಭಯ ತಪ್ಪಿಲ್ಲ.

ಬೇಲಿಯ ಮೇಲಿನ ಗೋಸುಂಬೆ

ಕರ್ನಾಟಕದ ಬಯಲುಸೀಮೆಯ ಬೇಲಿಗಳಲ್ಲೂ ಗೋಸುಂಬೆಯಿದೆ. ಅದು ಇಲ್ಲಿಯದೇ ಜಾತಿ. ಕಾನೆಯೋಹೆಯ ತೋಟದಲ್ಲಿ ಗೋಸುಂಬೆ ಬಿಟ್ಟ ಅದೇ 1972ರಲ್ಲಿ ಭಾರತದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಅದರ ಪ್ರಕಾರ ಈ ಗೋಸುಂಬೆಯನ್ನು ಹಿಡಿಯುವಂತಿಲ್ಲ, ಸಾಕುವಂತಿಲ್ಲ. ಮಕ್ಕಳು ಮನೆಗೆ ತರುತ್ತೇವೆಂದು ಹಟ ಹಿಡಿದರೆ ತಂದೆತಾಯಿ ಅವರನ್ನು ಆ ಬೇಲಿಯ ಬಳಿಗೇ ಕರೆದೊಯ್ಯಬಹುದು. ಒಂದು ಕಣ್ಣು ಮುಂದೆ, ಇನ್ನೊಂದು ಹಿಂದೆ ಹೊರಳಿಸುತ್ತ ಅದು ಹೆಜ್ಜೆ ಎಣಿಸಿ ನಡೆಯುತ್ತದೆ. ತಾಳ್ಮೆಯಿಂದ ಕಾದರೆ ನಾಲಿಗೆ ಚಿಮ್ಮುವುದೂ ಕಂಡೀತು. ಅದರ ಊಟಕ್ಕೆ ಅಲ್ಲಿ ಯಾರ ಪುಡಿಡಬ್ಬಿಯೂ ಬೇಕಿಲ್ಲ. ಆ ಬೇಲಿಯೊಂದು ಉಳಿದರೆ ಸಾಕು.