ವೈದ್ಯರಿಗೆ ಹೇಳದ ಮಾತು

ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಆಚಾರ್ಯ ಸಮಂತಭದ್ರರು ಶ್ರಾವಕನ ಮೂಲಗುಣಗಳಲ್ಲಿ ಎಣಿಸಿದ್ದಾರೆ. ಜೈನರ ಮನೆಗಳಲ್ಲಿ ಇದು ಮಕ್ಕಳಿಗೂ ತಿಳಿದ ಸಂಗತಿ. ತಿಳಿದಿರುವುದರಿಂದಲೇ, ಆ ವ್ರತ ಮುರಿದ ಮನೆಯಲ್ಲಿ ಅದು ಬಾಯಿಗೆ ಬಾರದ ಮಾತಾಗುತ್ತದೆ.

ಇಳಕಲ್ಲಿನ ಸೀರೆ ವ್ಯಾಪಾರದ ಒಂದು ಮನೆಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಸಾಲ ಏರಿದೆ, ಯಜಮಾನರಿಗೆ ನಿದ್ರೆಯಿಲ್ಲ. ಬಾಗಲಕೋಟೆಯ ವೈದ್ಯರು ಮಾತ್ರೆ ಬರೆಯುವ ಮುನ್ನ, ಕುಡಿಯುವ ರೂಢಿ ಉಂಟೇ ಎಂದು ಕೇಳುತ್ತಾರೆ. ಉತ್ತರ ಹೆಂಡತಿಯದು: "ಇಲ್ರೀ ಡಾಕ್ಟರ್ರ, ನಾವು ಜೈನರು." ಯಜಮಾನರು ತಲೆ ತಗ್ಗಿಸುತ್ತಾರೆ. ಆಕೆಗೆ ಗೊತ್ತಿಲ್ಲವೆಂದಲ್ಲ.

ಇಲ್ಲಿ ಸುಳ್ಳು ಕೇವಲ ಸತ್ಯಾಣುವ್ರತದ ಭಂಗವಲ್ಲ. ನಿದ್ರೆಯ ಮಾತ್ರೆಯೂ ಮದ್ಯವೂ ಮೆದುಳನ್ನು ಮಂದಗೊಳಿಸುವಂಥವು; ಕೂಡಿದಾಗ ಒಂದು ಮತ್ತೊಂದರ ಪರಿಣಾಮವನ್ನು ಹೆಚ್ಚಿಸುತ್ತದೆ, ಉಸಿರಾಟವೇ ಕುಂದಬಹುದು. ಸಾಯುವ ಎಣಿಕೆಯಿಲ್ಲದವರೂ ಹೀಗೆ ಪ್ರಾಣ ಕಳೆದುಕೊಂಡದ್ದುಂಟು. ಮಧುಮೇಹಕ್ಕೆ ಔಷಧ ಸೇವಿಸುವವರಲ್ಲಿ ಮದ್ಯವು ರಕ್ತದ ಸಕ್ಕರೆಯನ್ನು ಅಪಾಯಕರವಾಗಿ ಇಳಿಸಬಲ್ಲದು. ಆಗಿನ ತೊದಲನ್ನು ಮನೆಯವರು ಅಮಲೆಂದು ತಿಳಿದು ಮಲಗಿಸಿಬಿಡುತ್ತಾರೆ. ಇನ್ನೊಂದು ಮಾತು. ಬಹುಕಾಲ ಹೆಚ್ಚಾಗಿ ಕುಡಿದವರು ಒಮ್ಮೆಲೇ ಬಿಟ್ಟರೆ ನಡುಕ, ಸೆಳವು ಬರಬಹುದು. ಬಸದಿಯಲ್ಲಿ ವ್ರತ ಕೊಡಿಸುವ ಹಿರಿಯರು ಅಂಥವರನ್ನು ಮೊದಲು ವೈದ್ಯರ ಬಳಿಗೆ ಕಳಿಸುವುದು ಒಳಿತು.

ಮದ್ಯವು ದುಃಖವನ್ನು ಮರೆಸುವಂತೆ ತೋರಿ ಆಳಗೊಳಿಸುತ್ತದೆ. ತಡೆಯುವ ವಿವೇಕವನ್ನೂ ಸಡಿಲಿಸುತ್ತದೆ. ಬೆಳಗಾಗುವುದರೊಳಗೆ ಕಳೆದುಹೋಗಬಹುದಾಗಿದ್ದ ಯೋಚನೆ ರಾತ್ರಿಯೇ ಕೃತ್ಯವಾಗುತ್ತದೆ. ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣ ಹೇಳುವಲ್ಲಿ ಪ್ರಮಾದವನ್ನೇ ಮುಂದಿಟ್ಟಿದೆ. ರಾಗದ್ವೇಷಗಳಿಗೆ ವಶವಾಗಿ ತನ್ನನ್ನು ಕೊಂದುಕೊಳ್ಳುವುದು ಆತ್ಮಘಾತ, ಸಲ್ಲೇಖನ ಅದಲ್ಲ ಎಂಬ ಭೇದವನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿ ಹೇಳಿದ್ದಾರೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಸಂಥಾರವನ್ನು ಆತ್ಮಹತ್ಯೆಯೊಡನೆ ಸೇರಿಸಿದಾಗ ಸಮಾಜ ಬೀದಿಗಿಳಿಯಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆಯಾಜ್ಞೆ ನೀಡಿತು. ಈ ಭೇದಕ್ಕಾಗಿ ಅಷ್ಟು ದೊಡ್ಡ ದನಿಯೆತ್ತಿದವರು, ನೆರೆಮನೆಯಲ್ಲಿ ಆತ್ಮಘಾತದ ಅಂಚಿಗೆ ಬಂದು ನಿಂತವನ ವಿಷಯದಲ್ಲಿ ಮೌನವಾಗಿರುವುದು ವಿಚಿತ್ರವೇ ಸರಿ.

ಅಂಥವರನ್ನು ನೇರವಾಗಿ ಕೇಳಬೇಕು: ಬದುಕು ಸಾಕೆನಿಸಿದೆಯೇ? ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂಬ ಭಯಕ್ಕೆ ಆಧಾರವಿಲ್ಲ. ಕೇಳಿದವರೆದುರು ಎದೆಯ ಭಾರ ಇಳಿಯುವುದೇ ಹೆಚ್ಚು. ಮಾತ್ರೆಗಳು ಬೇರೊಬ್ಬರ ವಶದಲ್ಲಿರಲಿ. ಹುನಗುಂದ, ಬಾದಾಮಿಗಳ ಒಕ್ಕಲು ಮನೆಗಳಲ್ಲಿ ಬೆಳೆಗೆ ಹೊಡೆಯುವ ಔಷಧಕ್ಕೂ ಬೀಗ ಬೇಕು, ಕೀಲಿಕೈ ಬೇರೊಬ್ಬರ ಹತ್ತಿರ ಇರಬೇಕು. ಪೊಲೀಸರ ಭಯದಿಂದ ಆಸ್ಪತ್ರೆಗೆ ಒಯ್ಯಲು ತಡಮಾಡುವವರು ಈಗಲೂ ಇದ್ದಾರೆ. ಪ್ರಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡಕ್ಕೆ ಒಳಗಾದವರೆಂದು ಭಾವಿಸಬೇಕು, ಅವರ ಆರೈಕೆ ಸರ್ಕಾರದ ಹೊಣೆ ಎಂಬುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ನಿಲುವು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯಲ್ಲಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕನ್ನಡದಲ್ಲಿಯೇ ಮಾತನಾಡಬಹುದು. ಬಸದಿಯ ಫಲಕದಲ್ಲಿ ಪೂಜೆಯ ವೇಳೆಯ ಕೆಳಗೆ ಈ ಐದು ಅಂಕಿಗಳಿಗೂ ಜಾಗ ಸಿಕ್ಕೀತು.

ಇಳಕಲ್ಲಿನ ಆ ತಾಯಿ ಬಾಗಿಲವರೆಗೆ ಹೋಗಿ ಹಿಂದಿರುಗಿ ಬಂದು, "ಸುಳ್ಳು ಹೇಳಿದ್ನಿರಿ, ಕುಡೀತಾರ" ಎಂದುಬಿಟ್ಟರೆ ವೈದ್ಯರು ಮಾಡುವುದಿಷ್ಟೇ: ಚೀಟಿಯನ್ನು ಹಿಂದಕ್ಕೆ ಪಡೆದು, ಒಂದು ಹೆಸರನ್ನು ಹೊಡೆದುಹಾಕಿ, ಯಜಮಾನರಿಗೆ ಮತ್ತೊಮ್ಮೆ ಕುರ್ಚಿ ತೋರಿಸುತ್ತಾರೆ.