ಬಟಾಣಿ ಕಾಳಿನಷ್ಟು ಗ್ರಂಥಿ

ಮಕ್ಕಳು ಬೆಳೆಯೋದು ತಾನಾಗೇ ಆಗೋ ಕೆಲಸ ಅಂತ ನಮ್ಮೂರಲ್ಲಿ ಎಲ್ಲರ ನಂಬಿಕೆ. ಮುದ್ದೆ ಉಂಡು, ಹಾಲು ಕುಡಿದ್ರೆ ಬೆಳೀತಾರೆ. ಬೆಳೀಲಿಲ್ಲ ಅಂದ್ರೆ ವಂಶದ ಗುಣ. ಅಕ್ಕನ ಮಗಳು ಒಂಬತ್ತು ವರ್ಷಕ್ಕೂ ಆರು ವರ್ಷದವಳ ಹಾಗೆ ಕಾಣ್ತಿದ್ದಾಗ ಜನ ಇನ್ನೊಂದು ಮಾತನ್ನೂ ಸೇರಿಸಿದ್ರು: "ಹೆಣ್ಮಗು ತಾನೆ, ಗಿಡ್ಡ ಇದ್ರೇನಂತೆ?"

ಆದರೆ ಎರಡು ವರ್ಷದ ಹಿಂದೆ ಹೊಲಿಸಿದ್ದ ಯೂನಿಫಾರ್ಮು ಅವಳಿಗೆ ಇನ್ನೂ ಸರಿಯಾಗೇ ಕೂರುತ್ತಿತ್ತು. ಅಕ್ಕನಿಗೆ ಅನುಮಾನ ಬಂದದ್ದು ಅಲ್ಲಿ. ಗಿಡ್ಡ ಇರೋದು ಬೇರೆ, ಬೆಳೆಯೋದೇ ನಿಧಾನ ಆಗೋದು ಬೇರೆ. ಆ ವಯಸ್ಸಿನ ಮಕ್ಕಳು ಸಾಮಾನ್ಯವಾಗಿ ವರ್ಷಕ್ಕೆ 5 ಸೆಂಟಿಮೀಟರ್‌ನಷ್ಟು ಬೆಳೀತಾರೆ.

ಬೆಂಗಳೂರಿನ ಡಾಕ್ಟರು ಮೊದಲು ತೆಗೆಸಿದ್ದು ಎಡಗೈ ಎಕ್ಸ್-ರೇ. ಮೂಳೆಯ ವಯಸ್ಸು ಅದರಲ್ಲಿ ಗೊತ್ತಾಗುತ್ತೆ. ಆಮೇಲೆ ಔಷಧಿ ಕೊಟ್ಟು, ಕೆಲವು ಗಂಟೆ ಕೂರಿಸಿ, ಮತ್ತೆ ಮತ್ತೆ ರಕ್ತ ತೆಗೆದರು. "ಒಂದೇ ಸಲ ತೆಗೆದ್ರೆ ಸಾಲದಾ?" ಅಂತ ಅಕ್ಕ ಕೇಳಿದಳು. ಸಾಲದು. ಬೆಳವಣಿಗೆಯ ಹಾರ್ಮೋನು ದಿನವಿಡೀ ಒಂದೇ ಸಮ ಹರಿಯಲ್ಲ. ಬಿಟ್ಟು ಬಿಟ್ಟು ಬರುತ್ತೆ, ಅದರಲ್ಲೂ ರಾತ್ರಿಯ ಗಾಢ ನಿದ್ದೆಯಲ್ಲಿ ಹೆಚ್ಚು. ರಾತ್ರಿ ಓಡೋ ಜಾಬನ್ನು ಮಧ್ಯಾಹ್ನ ಇಣುಕಿ ನೋಡಿ ಕೆಟ್ಟಿದೆ ಅನ್ನೋಕಾಗುತ್ತಾ?

ಮೂಗಿನ ಬುಡದ ಹಿಂದೆ, ಮೂಳೆಯ ಸಣ್ಣ ಗುಳಿಯಲ್ಲಿ ಪಿಟ್ಯುಟರಿ ಕೂತಿದೆ. ಬಟಾಣಿಯಷ್ಟು ಗಾತ್ರ, ತೂಕ ಅರ್ಧ ಗ್ರಾಂ ಆಸುಪಾಸು. ಅದರ ಮೇಲಧಿಕಾರಿ ಮೆದುಳಿನ ತಳದ ಹೈಪೋಥಾಲಮಸ್. ಅದು 'ಬಿಡು' ಅಂತ ಒಂದು ರಾಸಾಯನಿಕ ಕಳಿಸುತ್ತೆ, 'ನಿಲ್ಲಿಸು' ಅಂತ ಇನ್ನೊಂದು. ಪಿಟ್ಯುಟರಿ ಬಿಟ್ಟ ಹಾರ್ಮೋನು ಯಕೃತ್ತಿಗೆ ಹೋದರೆ ಅಲ್ಲಿ ಐಜಿಎಫ್-1 ತಯಾರಾಗುತ್ತೆ. ಇವೆರಡೂ ಸೇರಿ ಮೂಳೆ ತುದಿಯ ಮೃದ್ವಸ್ಥಿಯನ್ನು ಬೆಳೆಸುತ್ತವೆ. ಐಜಿಎಫ್-1 ಜಾಸ್ತಿಯಾದರೆ ಅದೇ ಮೇಲಕ್ಕೆ ಸುದ್ದಿ ಮುಟ್ಟಿಸುತ್ತೆ: ಸಾಕು. ಥೈರಾಯ್ಡಿಗೂ ಇದೇ ಇಬ್ಬರು ಯಜಮಾನರು. ಹಾಗಾಗಿ ಅದನ್ನೂ ಪರೀಕ್ಷಿಸಿದರು, ತಲೆಯ ಎಂಆರ್‌ಐ ಕೂಡ ಮಾಡಿಸಿದರು.

ನಮ್ಮ ಹುಡುಗಿಯ ಪಿಟ್ಯುಟರಿ ಬೆಳವಣಿಗೆಯ ಹಾರ್ಮೋನನ್ನು ಸಾಕಷ್ಟು ಬಿಡ್ತಿರಲಿಲ್ಲ. ಹೊರಗಿಂದ ಕೊಡಬೇಕು. ಹಿಂದೆ ಈ ಹಾರ್ಮೋನನ್ನು ಸತ್ತವರ ಪಿಟ್ಯುಟರಿಯಿಂದ ತೆಗೀತಿದ್ರು. ಹಾಗೆ ಪಡೆದ ಕೆಲವರು ವರ್ಷಗಳ ನಂತರ ಕ್ರಾಯ್ಟ್ಸ್‌ಫೆಲ್ಟ್-ಯಾಕೋಬ್ ಅನ್ನೋ ಮೆದುಳಿನ ಕಾಯಿಲೆಯಿಂದ ತೀರಿಕೊಂಡದ್ದು ತಿಳಿದು, 1985ರಲ್ಲಿ ಅಮೆರಿಕದಲ್ಲಿ ಅದನ್ನು ನಿಲ್ಲಿಸಿದರು. ಬ್ಯಾಕ್ಟೀರಿಯಾದಿಂದ ಮಾಡಿದ ಹಾರ್ಮೋನಿಗೆ ಅದೇ ವರ್ಷ ಅಲ್ಲಿ ಒಪ್ಪಿಗೆ ಸಿಕ್ಕಿತು. ಈಗ ಕೊಡೋದು ಪ್ರಯೋಗಾಲಯದಲ್ಲಿ ಮಾಡಿದ್ದನ್ನೇ.

ದಿನಾ ರಾತ್ರಿ ಮಲಗೋ ಮುಂಚೆ ಒಂದು ಇಂಜೆಕ್ಷನ್ನು. ಖರ್ಚು ಸಣ್ಣದಲ್ಲ, ನಾನೂ ಅಕ್ಕನೂ ಹಂಚಿಕೊಂಡಿದ್ದೀವಿ. "ಇಷ್ಟು ದುಡ್ಡು ಅವಳ ಮದುವೆಗೆ ಇಡಬಹುದಿತ್ತಲ್ಲ" ಅಂದವರೂ ಇದ್ದಾರೆ. ಮೊದಲ ವರ್ಷ 9 ಸೆಂಟಿಮೀಟರ್ ಬೆಳೆದಳು. ಸೂಜಿ ಚುಚ್ಚಿಕೊಳ್ಳೋದು ಈಗ ಅವಳಿಗೇ ಬರುತ್ತೆ. "ಮಾಮ, ನೀನು ಆ ಕಡೆ ತಿರುಗು, ನಿಂಗೆ ಭಯ" ಅಂತಾಳೆ.

ಹೆಣ್ಮಗು ತಾನೆ ಅನ್ನೋ ಮಾತು ನನಗೆ ಇನ್ನೂ ಚುಚ್ಚೋದು ಯಾಕೆ ಅಂದ್ರೆ, ಲೆಕ್ಕ ಇರೋದೇ ತಿರುಗುಮುರುಗು. ಹರೆಯ ಮುಗಿಯುತ್ತಾ ಬಂದ ಹಾಗೆ ಮೃದ್ವಸ್ಥಿ ಗಟ್ಟಿಯಾಗಿ ಮೂಳೆಗೆ ಸೇರಿಹೋಗುತ್ತೆ. ಆಮೇಲೆ ಯಾವ ಇಂಜೆಕ್ಷನ್ನೂ, ಯಾವ ಪೌಡರೂ ಎತ್ತರ ಹೆಚ್ಚಿಸಲ್ಲ. ಹುಡುಗಿಯರಿಗೆ ಹರೆಯ ಬರೋದೇ ಮೊದಲು. ಅಂದ್ರೆ ಕಾಯೋಕೆ ಅವರ ಹತ್ರ ಇರೋ ಸಮಯ ಹುಡುಗರಿಗಿಂತ ಕಡಿಮೆ. ಮನೆಯಲ್ಲಿ ಮಗು ಇದ್ದರೆ ಆರು ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಅಳೆಯಿರಿ, ತಾರೀಖಿನ ಜೊತೆ ಬರೆದಿಡಿ. ಮಗಳಿದ್ದರೆ ಮರೀಬೇಡಿ.