ಚಿಲ್ಲರೆಯ ಕಾವಲು

ಬೆಂಗಳೂರಿನ ನಮ್ಮ ಸಾರಕ್ಕಿಯಲ್ಲಿ ಕಳ್ಳತನದ ಮಾತು ಬಂದರೆ ನನಗೆ ಮೊದಲು ನೆನಪಾಗುವವರು ಮನೆಗಳ್ಳರಲ್ಲ, ಕೆರೆಗಳ್ಳರು. ಎಂಬತ್ತು ಎಕರೆಗೂ ದೊಡ್ಡದಾದ ನಮ್ಮ ಕೆರೆಯನ್ನು ಅಂಚಿನಿಂದ ಕಚ್ಚುತ್ತ ಬಂದವರು ಮೂವತ್ತು ಎಕರೆಗೂ ಮೀರಿ ನುಂಗಿಬಿಟ್ಟಿದ್ದರು. 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ಜೆಸಿಬಿ ತಂದು ಅದನ್ನು ಬಿಡಿಸಿಕೊಂಡಿತು. ಅಲ್ಲಿ ಗೊತ್ತಿಲ್ಲದೆ ಮನೆ ಕೊಂಡವರ ಗೋಳು ಬೇರೆಯೇ ಕತೆ. ಆದರೆ ಕೆರೆ ಮರಳಿ ಸಿಕ್ಕಿದ್ದು ಬೇಲಿಯಿಂದಲ್ಲ, ಸರ್ವೆ ನಕ್ಷೆಯಿಂದ. ಗಡಿ ಎಲ್ಲಿತ್ತು ಎಂದು ಯಾರೋ ಅಳೆದು ಬರೆದಿಟ್ಟಿದ್ದರು.

ನನ್ನ ಬಳಿ ಕಾಯಲು ಇರುವುದು ಹಳೆಯ ನಾಣ್ಯಗಳು. ಬೀರುವಿನ ಎರಡು ಖಾನೆ ತುಂಬುವಷ್ಟಿವೆ. (ಬೀರುವಿನಲ್ಲಿ ಇವೆ ಎಂದು ನಾನು ಹೇಳಲಿಲ್ಲ, ಗಮನಿಸಿ.) ಮನೆಯಲ್ಲಿ ಇವಕ್ಕೆ ‘ನಿಮ್ಮ ಚಿಲ್ಲರೆ’ ಎಂದೇ ಹೆಸರು. ಹೆಂಡತಿ ಗೇಲಿಗೆ ಇಟ್ಟ ಹೆಸರು ಈಗ ಒಳ್ಳೆಯ ಕಾವಲಾಗಿದೆ. ಗ್ಯಾಸ್ ಸ್ಟೌ ರಿಪೇರಿಯವನ ಮುಂದೆ ‘ಚಿಲ್ಲರೆ ಎತ್ತಿಡ್ರೀ’ ಎಂದರೆ ಅವನು ತಿರುಗಿಯೂ ನೋಡುವುದಿಲ್ಲ.

ಬಚ್ಚಿಡುವ ವಿಷಯದಲ್ಲಿ ನಮ್ಮ ಮನೆಗಳ ಕಲ್ಪನೆ ಬಲು ಬಡವಾದದ್ದು. ಅಕ್ಕಿ ಡಬ್ಬ, ದೇವರ ಮಂಟಪದ ಕೆಳಗು, ರೇಷ್ಮೆ ಸೀರೆಯ ಮಡಿಕೆ, ಅಟ್ಟದ ಮೇಲಿನ ಹಳೇ ಸೂಟ್‌ಕೇಸು. ಕಳ್ಳನೂ ಇಂಥದೇ ಮನೆಯಲ್ಲಿ ಬೆಳೆದವನು. ಅವನ ಅಜ್ಜಿಯೂ ಅಕ್ಕಿ ಡಬ್ಬದಲ್ಲೇ ದುಡ್ಡಿಟ್ಟವಳು. ಬಾಗಿಲ ಮುಂದೆ ರಂಗೋಲಿ ಬಿದ್ದಿಲ್ಲ, ಪೇಪರು ಹಾಗೇ ಬಿದ್ದಿದೆ, ಹಗಲಲ್ಲೂ ಹೊರಗಿನ ದೀಪ ಉರಿಯುತ್ತಿದೆ ಎಂದರೆ ಒಳಗೆ ಯಾರೂ ಇಲ್ಲ ಎಂದು ಓದಿಕೊಳ್ಳಲು ಅವನಿಗೆ ಬರುತ್ತದೆ. ಹಾಗಾಗಿ ಊರಿಗೆ ಹೊರಟಾಗ ಪಕ್ಕದ ಮನೆಯ ಆಂಟಿಯ ಕೈಲಿ ಎರಡೆಳೆ ರಂಗೋಲಿ ಹಾಕಿಸುವುದು ನಮ್ಮ ಮನೆಯ ಮೊದಲ ಬೀಗ. ಎರಡನೆಯದು ತಿಜೋರಿ. ಅದನ್ನು ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಬಿಗಿಯಲೇಬೇಕು. ಇಲ್ಲದಿದ್ದರೆ ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ಜೋಡಿಸಿ, ಎತ್ತಿಕೊಂಡು ಹೋಗಲು ಹಿಡಿಯನ್ನೂ ಇಟ್ಟುಕೊಟ್ಟಂತೆ.

ಬ್ಯಾಂಕ್ ಲಾಕರ್ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. 2022ರ ಜನವರಿಯಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮದ ಪ್ರಕಾರ ಬೆಂಕಿ, ಕಳ್ಳತನ, ಸಿಬ್ಬಂದಿಯ ವಂಚನೆ ಇಂಥದರಿಂದ ಲಾಕರ್‌ನೊಳಗಿನದು ಹೋದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ. ಒಳಗೆ ಏನಿತ್ತು ಎಂಬುದು ಬ್ಯಾಂಕಿಗೆ ಗೊತ್ತಿರುವುದಿಲ್ಲ, ಗೊತ್ತಿರಬೇಕಾಗಿಯೂ ಇಲ್ಲ. ನನ್ನ ಚಿನ್ನದ ಚೂರುಗಳು ಅಲ್ಲಿವೆ. ತಾಮ್ರ ಮಾತ್ರ ಮನೆಯಲ್ಲೇ ಇರಲಿ ಎಂದು ಹಟ ಹಿಡಿದಿದ್ದೇನೆ. ಲಾಕರ್ ಕೋಣೆಯಲ್ಲಿ ನಿಂತು ಕಾಸು ನೋಡುತ್ತಿದ್ದರೆ ಹೊರಗೆ ಗುಮಾಸ್ತೆ ಕೆಮ್ಮುತ್ತಿರುತ್ತಾರೆ. ಅಲ್ಲಿ ಕಾಸಿನ ಮೇಲಿನ ಯಾವ ಆನೆಯೂ ಮಾತಾಡುವುದಿಲ್ಲ.

ಕಳ್ಳನ ಬಗ್ಗೆ ನನಗಿರುವ ನಿಜವಾದ ಭಯ ಅವನು ಕದಿಯುತ್ತಾನೆ ಎಂಬುದಲ್ಲ, ತೂಗುತ್ತಾನೆ ಎಂಬುದು. ಕಂಠೀರವ ನರಸರಾಜ ಒಡೆಯರು ಹದಿನೇಳನೇ ಶತಮಾನದಲ್ಲಿ ಟಂಕಿಸಿದ ಕಂಠೀರಾಯ ಹಣವನ್ನೇ ನೋಡಿ. ಬೆರಳ ತುದಿಯಲ್ಲಿಟ್ಟರೆ ಉಸಿರಿಗೆ ಹಾರಿಹೋದೀತು ಎನ್ನಿಸುವಷ್ಟು ಸಣ್ಣದು. ಒಂದು ಗ್ರಾಂನ ಸುಮಾರು ಮೂರನೇ ಒಂದು ಭಾಗ. ಅಷ್ಟರಲ್ಲೇ ಒಂದು ಕಡೆ ನರಸಿಂಹ ಕೂತಿದ್ದಾನೆ, ಇನ್ನೊಂದು ಕಡೆ ದೊರೆಯ ಹೆಸರು ನಾಗರಿಯಲ್ಲಿದೆ. ಇಂಥ ಹತ್ತು ಹಣಕ್ಕೆ ಒಂದು ವರಹದ ಲೆಕ್ಕ. ಯಾವುದಾದರೂ ಕುಲುಮೆಗೆ ಬಿದ್ದರೆ ಅದು ಒಂದು ಮೂಗುತಿಗೂ ಸಾಲದ ಚಿನ್ನ. ತಾಮ್ರದ ಕಾಸಿಗಂತೂ ಗುಜರಿಯವನ ಕೆ.ಜಿ. ದರವೇ ಗತಿ.

ಬರ್ಲಿನ್ನಿನ ಬೋಡೆ ವಸ್ತುಸಂಗ್ರಹಾಲಯದಿಂದ 2017ರ ಮಾರ್ಚ್‌ನಲ್ಲಿ ನೂರು ಕಿಲೋ ತೂಕದ ಕೆನಡಾದ ಚಿನ್ನದ ನಾಣ್ಯವನ್ನು ಹೊತ್ತೊಯ್ದರು. ಅದರ ಮುಖಬೆಲೆಯೇ ಹತ್ತು ಲಕ್ಷ ಡಾಲರ್. ಕಳ್ಳರು ಸಿಕ್ಕರು, ನಾಣ್ಯ ಸಿಗಲಿಲ್ಲ, ಕರಗಿಸಿರಬೇಕು. ಇದಕ್ಕೆ ಎದುರಾಗಿ, 1967ರಲ್ಲಿ ಫ್ಲಾರಿಡಾದ ವಿಲ್ಲಿಸ್ ಡು ಪಾಂಟ್ ಎಂಬ ಸಿರಿವಂತನ ಮನೆಗೆ ಬಂದೂಕು ಹಿಡಿದು ನುಗ್ಗಿದವರು ಸಾವಿರಾರು ನಾಣ್ಯ ದೋಚಿದ್ದರು. ಅದರಲ್ಲಿದ್ದ 1866ರ ಅಪರೂಪದ ಡಾಲರೊಂದು ಮರಳಿ ಬಂದದ್ದು 2004ರಲ್ಲಿ. ತಡವಾಯಿತು, ಆದರೂ ಬಂತು. ಅದರ ಗುರುತು ಲೋಕಕ್ಕೆ ಗೊತ್ತಿತ್ತು, ಯಾರ ಮುಂದೆ ಇಟ್ಟರೂ ಸಿಕ್ಕಿಬೀಳುವ ಮಾಲು. ನೂರು ಕಿಲೋ ಹೋಯಿತು, ಅಂಗೈ ಬಿಲ್ಲೆ ಉಳಿಯಿತು.

ಅಂದರೆ ನಾನು ಕಾಯಬೇಕಾದ್ದು ಗುರುತನ್ನು. ಹೀಗೆ ಶುರುವಾಯಿತು ನನ್ನ ಪಟ್ಟಿ ಬರೆಯುವ ಚಟ. ಕಳ್ಳನ ನೆಪದಲ್ಲಿ ಹುಟ್ಟಿಕೊಂಡರೂ ಈಗ ಅದೇ ಹವ್ಯಾಸದ ಅರ್ಧ ಸುಖ. ರಾತ್ರಿ ಊಟವಾದ ಮೇಲೆ ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ, ಚಿನ್ನದಂಗಡಿಯವರು ಬಳಸುವಂಥ ಪುಟ್ಟ ತಕ್ಕಡಿ ಇಟ್ಟು, ಭೂತಕನ್ನಡಿ ಹಿಡಿದು ಕೂತರೆ ಕನಕಪುರ ರಸ್ತೆಯ ಹಾರನ್ನು ಕೂಡ ಕೇಳುವುದಿಲ್ಲ. ನಾಣ್ಯವನ್ನು ಅಂಚಿನಲ್ಲಿ ಮಾತ್ರ ಹಿಡಿಯಬೇಕು. ತೂಕ, ಅಡ್ಡಳತೆ, ಮುಮ್ಮುಖ, ಹಿಮ್ಮುಖ, ಎರಡೂ ಬದಿಯ ಫೋಟೋ.

ಟಿಪ್ಪುವಿನ ತಾಮ್ರದ ಪೈಸೆಗಳ ಮೇಲೆಲ್ಲ ಆನೆ ಎಂದು ನಾವು ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಬರೆಯಲು ಕೂತಾಗ ಗೊತ್ತಾಗುತ್ತದೆ, ಎರಡು ಆನೆ ಒಂದೇ ತರ ಇಲ್ಲ. ಇದು ಬಲಕ್ಕೆ ನಡೆಯುತ್ತಿದೆಯೋ ಎಡಕ್ಕೋ? ಸೊಂಡಿಲು ಹೇಗಿದೆ, ಬಾಲ ಹೇಗಿದೆ? ಹಿಂದೆ ಬಾವುಟ ಇದೆಯೋ? ಕೊನೆಯ ವರ್ಷಗಳವಾದರೆ ಆನೆಯ ಮೇಲೊಂದು ಪರ್ಷಿಯನ್ ಅಕ್ಷರವೂ ಇರುತ್ತದೆ. ಟಿಪ್ಪುವಿನದೇ ಆದ ಮೌಲೂದಿ ಕಾಲಗಣನೆಯ ಇಸವಿಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಹೊಸಬರು ನೇರ ಓದಿ ಇತಿಹಾಸವನ್ನೇ ಅಡಿಮೇಲು ಮಾಡುತ್ತಾರೆ. ಆಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ ಇಪ್ಪತ್ತು ಕಾಸು: ಅದೇ ಆನೆ, ನೆತ್ತಿಯ ಮೇಲೆ ಸೂರ್ಯ ಚಂದ್ರ, ಹಿಂಬದಿಯಲ್ಲಿ ‘ಮಯಿಲಿ ಕಾಸು ೨೦’ ಎಂಬ ಕನ್ನಡದ ಜೊತೆಗೆ ಇಂಗ್ಲಿಷು, ಪರ್ಷಿಯನ್ನು. ಒಂದು ಬಿಲ್ಲೆಯ ಮೇಲೆ ಮೂರು ಭಾಷೆ ಜಗಳವಾಡದೆ ಕೂತಿವೆ.

ಇವೆಲ್ಲ ಸುತ್ತಿಗೆಯಿಂದ ಹೊಡೆದ ನಾಣ್ಯಗಳು. ಬಿಲ್ಲೆ ಸರಿಯಾಗಿ ದುಂಡಗಿಲ್ಲ, ಅಚ್ಚು ಒಂದು ಕಡೆ ಜಾರಿದೆ, ಇನ್ನೊಂದರಲ್ಲಿ ಆನೆಯ ಮುಂಗಾಲೇ ಬಿದ್ದಿಲ್ಲ. ವ್ಯಾಪಾರಿ ಇದನ್ನು ದೋಷ ಎಂದು ಬೆಲೆ ಇಳಿಸುತ್ತಾನೆ. ನನಗೆ ಇದೇ ಅದರ ಬೆರಳಚ್ಚು. ನನ್ನ ಮುಂಗಾಲಿಲ್ಲದ ಆನೆಯನ್ನು ಎಲ್ಲಿ ಕಂಡರೂ ಫೋಟೋ ತೋರಿಸಿ ನನ್ನದು ಎನ್ನಬಲ್ಲೆ. 1943ರಿಂದ 47ರವರೆಗೆ ಬಂದ ತೂತಿನ ಕಾಸಿಗೆ ಈ ಭಾಗ್ಯವಿಲ್ಲ. ಯಂತ್ರದ ಮಕ್ಕಳು, ಎಲ್ಲ ಒಂದೇ ಮುಖ. ಅವು ಹೋದರೆ ಹೋದವು.

ಪಟ್ಟಿಯಿಂದ ಇನ್ನೊಬ್ಬ ಕಳ್ಳನೂ ಸಿಕ್ಕಿಬಿದ್ದ. ಮೆತ್ತಗಿನ ಪಿವಿಸಿ ಹಾಳೆಯ ಆಲ್ಬಮ್‌ನಲ್ಲಿಟ್ಟರೆ ಪ್ಲಾಸ್ಟಿಕ್ ಬೆವರಿ ತಾಮ್ರಕ್ಕೆ ಹಸಿರು ಅಂಟು ಹಿಡಿಯುತ್ತದೆ. ಮೈಲಾರ್ ಕಿಟಕಿಯ ರಟ್ಟಿನ ಹೋಲ್ಡರೇ ಸರಿ. ತಿಜೋರಿಯೊಳಗೂ ತೇವ ನಿಲ್ಲುತ್ತದೆ, ಸಿಲಿಕಾ ಜೆಲ್ ಪೊಟ್ಟಣ ಬೇಕು. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ಫಳಫಳ ಮಾಡಿಕೊಡುತ್ತೇನೆ ಎನ್ನುವ ನೆಂಟರಿಂದ ಕಾಪಾಡಲು ಮಾತ್ರ ಯಾವ ಬೀಗವೂ ಇಲ್ಲ. ಇನ್ನೂರು ವರ್ಷ ಕೂತು ಬಂದ ಮೈಬಣ್ಣ ಎರಡು ನಿಮಿಷದಲ್ಲಿ ಹೋಗಿ ಬೆಲೆಯೂ ಜೊತೆಗೆ ಹೋಗುತ್ತದೆ.

ಪಟ್ಟಿಯ ಒಂದು ಪ್ರತಿ ಮೈಸೂರಿನಲ್ಲಿ ಮಗಳ ಬಳಿ ಇದೆ. ನಾಣ್ಯದ ಪಕ್ಕದಲ್ಲೇ ಇಟ್ಟ ಪಟ್ಟಿ ನಾಣ್ಯದ ಜೊತೆಗೇ ಹೋಗುತ್ತದೆ. ಬಾಯಿಗೆ ಬೀಗ ಹಾಕುವುದು ಮಾತ್ರ ಕಷ್ಟ. ಅಪರೂಪದ್ದೊಂದು ಸಿಕ್ಕಿದ ದಿನ ಯಾರಿಗಾದರೂ ತೋರಿಸದಿದ್ದರೆ ಊಟ ಸೇರುವುದಿಲ್ಲ. ಕನ್ನಡನಾಡು ನಾಣ್ಯ ಸಂಘದವರ ನಾಣ್ಯದರ್ಶಿನಿಯಂಥ ಪ್ರದರ್ಶನಕ್ಕೆ ಹೋದರೆ ಆ ಹಸಿವು ತೀರುತ್ತದೆ. ಅಲ್ಲಿ ಎಲ್ಲರೂ ನನ್ನಂಥವರೇ. ಏನಿದೆ ಎಂದು ಕೇಳುತ್ತಾರೆ, ಎಲ್ಲಿದೆ ಎಂದು ಕೇಳುವುದಿಲ್ಲ.

ಮೊನ್ನೆ ಹೆಂಡತಿ ಪಕ್ಕದಲ್ಲಿ ಬಂದು ಕೂತು, ಆನೆಗಳನ್ನೆಲ್ಲ ಒಂದೊಂದಾಗಿ ನೋಡಿ, ‘ರೀ, ನಿಮ್ಮ ಚಿಲ್ಲರೆಗೆ ಇಷ್ಟು ಫೋಟೋ ತೆಗೀತೀರಲ್ಲ, ನನ್ನ ಬಳೆಗಳದ್ದು ಯಾವಾಗ?’ ಎಂದಳು. ಮುಂದಿನ ಭಾನುವಾರ ತಕ್ಕಡಿ ಅವಳ ಕಡೆಗೆ.